ಬರೀ ಹಿಟ್ಟು, ನೀರು

ಸೊಸೆಯ ಬಗ್ಗೆ ಈಗ ಯಾರು ಏನು ಕೇಳಿದರೂ ಪುಸ್ತಕ ಕಟ್ಟುವ ತಾತ ಕೈಯಲ್ಲಿರುವ ಕೆಲಸ ಬಿಟ್ಟು ಹೊಗಳಲು ಕೂರುತ್ತಾನೆ. ಮೊದಮೊದಲು ಹಾಗಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವಳು ತೋಳೇರಿಸಿಕೊಂಡು ಅಡುಗೆಮನೆಗೆ ನುಗ್ಗಿ ಟೋಸ್ಟರು, ಮರದ ಸೌಟು, ಜರಡಿ, ಅರ್ಧ ಮುಗಿದ ಬೆಣ್ಣೆ ಡಬ್ಬಿ ಎಲ್ಲವನ್ನೂ ಮೂಟೆ ಕಟ್ಟಿ ಬಾಗಿಲಾಚೆ ಇಟ್ಟಾಗ ಅವನಿಗೆ ಮೈ ಉರಿದುಹೋಗಿತ್ತು.

"ಬೆಣ್ಣೆ ಏನು ತಪ್ಪು ಮಾಡಿತ್ತಮ್ಮ?" ಎಂದು ಕೇಳಿದ್ದ.

"ಬ್ರೆಡ್ಡಿಗೆ ಬೆಣ್ಣೆ ಸವರಿದ ಚಾಕುನೇ ಮತ್ತೆ ಡಬ್ಬಿಗೂ ಅದ್ದಿರ್ತೀವಿ ಮಾವ. ಒಳಗೆ ಪುಡಿ ಉಳಿದಿರುತ್ತೆ."

"ಆ ಪುಡಿ ಕಣ್ಣಿಗೂ ಕಾಣಲ್ಲ."

"ಕಣ್ಣಿಗೆ ಕಾಣಲ್ಲ. ಹೊಟ್ಟೆಗೆ ಕಾಣುತ್ತೆ," ಎಂದು ಅವಳು ಮೂಟೆಯ ಬಾಯಿ ಬಿಗಿದಳು.

ಹೊಟ್ಟೆ ಯಾರದ್ದೆಂದರೆ ಮೆಣಸಿನದ್ದು. ಐದು ತುಂಬಿದ ಮೊಮ್ಮಗಳು. ನೋಡಲು ಕಾಳಿನಷ್ಟಿದ್ದು, ಬಾಯಿ ತೆರೆದರೆ ಖಾರವೇ ಖಾರ ಎಂದು ತಾತನೇ ಇಟ್ಟ ಅಡ್ಡಹೆಸರು ಅದು. ಆದರೆ ಬರಬರುತ್ತಾ ಆ ಖಾರ ಇಳಿದುಹೋಗಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಊದಿದ ಬಲೂನು. ಹಿಂದಿನ ವರ್ಷದ ಅಂಗಿ ಈ ವರ್ಷವೂ ಸಡಿಲ. ಊಟ ಮಾಡಿದರೆ ನೋವು, ಮಾಡದಿದ್ದರೆ ಸುಸ್ತು. ಕೊನೆಗೆ ಒಬ್ಬ ಡಾಕ್ಟರಮ್ಮ ರಕ್ತ ತೆಗೆಸಿ, ಕರುಳಿನ ಚೂರೂ ತೆಗೆಸಿ ನೋಡಿ, ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿರುವ ಗ್ಲುಟೆನ್ ಈ ಮಗುವಿನ ಕರುಳಿನ ಒಳಪದರವನ್ನೇ ಹಾಳುಮಾಡುತ್ತಿದೆ ಎಂದು ಹೇಳಿದರು. ಮಾತ್ರೆ ಇಲ್ಲ, ಔಷಧಿ ಇಲ್ಲ. ಒಂದು ಚೂರೂ ಬಾಯಿಗೆ ಹೋಗದಂತೆ ಜೀವನಪೂರ್ತಿ ನೋಡಿಕೊಳ್ಳಬೇಕು, ಅಷ್ಟೇ ಎಂದರು. ಅಷ್ಟೇ ಎನ್ನುವುದು ಹೇಳುವವರಿಗೆ ಸುಲಭ.

ತಾತನ ಮಗ ರೈಲು ಓಡಿಸುವವನು. ಒಂದು ದಿನ ಮನೆ, ಒಂದು ದಿನ ಹಳಿ. ಹಾಗಾಗಿ ಈ ಭಾರವೆಲ್ಲ ಸೊಸೆಯ ತಲೆಗೆ ಬಿತ್ತು. ಅದು ಸರಿಯಾದ ತಲೆಗೇ ಬಿತ್ತು ಎಂದು ಈಗ ಧೈರ್ಯವಾಗಿ ಹೇಳಬಹುದು. ಯಾಕೆಂದರೆ ಅವಳು ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಹುಡುಕುವ ಕೆಲಸದವಳು. ಉದ್ದನೆಯ ಕಬ್ಬಿಣದ ಕೋಲಿನ ಒಂದು ತುದಿಯನ್ನು ಕೊಳವೆಗೆ, ಇನ್ನೊಂದನ್ನು ಕಿವಿಗೆ ಹಚ್ಚಿ, ನೆಲದೊಳಗೆ ನೀರು ಎಲ್ಲಿ ಕದ್ದು ಹೋಗುತ್ತಿದೆ ಎಂದು ಹೇಳುವುದು ಅವಳ ಹೊಟ್ಟೆಪಾಡು. ಸುಮ್ಮನೆ ರಸ್ತೆ ಅಗೆಯುವವರನ್ನು ಕಂಡರೆ ಅವಳಿಗಾಗದು. ಒಂದೊಂದೇ ವಾಲ್ವ್ ಮುಚ್ಚುತ್ತಾ ಹೋಗಬೇಕು, ಯಾವುದನ್ನು ಮುಚ್ಚಿದಾಗ ಸದ್ದು ನಿಲ್ಲುತ್ತದೋ ಅಲ್ಲಿ ಹುಡುಕಬೇಕು ಎಂಬುದು ಅವಳ ಕ್ರಮ.

ಅಡುಗೆಮನೆಯಲ್ಲೂ ಅದೇ ಕ್ರಮ. ಬ್ರೆಡ್ಡು, ಬಿಸ್ಕೆಟ್ಟು ಬಿಡುವುದು ಯಾರಿಗೂ ಗೊತ್ತು. ಅವಳು ಬೆನ್ನು ಹತ್ತಿದ್ದು ವೇಷ ಮರೆಸಿಕೊಂಡು ಬರುವ ಗೋಧಿಯನ್ನು. ಸೂಪಿನ ಪೊಟ್ಟಣದಲ್ಲಿ ಅದು ಗಟ್ಟಿ ಮಾಡುವ ಪುಡಿಯಾಗಿ ಕೂತಿತ್ತು. ಸೋಯಾ ಸಾಸಿನಲ್ಲಿ ಸೋಯಾದ ಜೊತೆಗೆ ಇಣುಕಿತ್ತು. ಕಾರ್ನ್‌ಫ್ಲೇಕ್ಸ್ ಡಬ್ಬಿಯ ಮೇಲೆ ಬರೀ ಮೆಕ್ಕೆಜೋಳದ ಚಿತ್ರ, ಒಳಗೆ ಬಾರ್ಲಿಯ ಮಾಲ್ಟು. ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಇರುವೆ ಸಾಲಿನಂಥ ಅಕ್ಷರಗಳನ್ನು ಓದುತ್ತಾ ಅವಳು ನಿಂತರೆ ಹಿಂದಿನವರು ಗೊಣಗುತ್ತಿದ್ದರು. ಅವಳು ಕದಲುತ್ತಿರಲಿಲ್ಲ. ಓದಿ ತಿಳಿಯದಿದ್ದರೆ ಕಂಪನಿಗೆ ಫೋನು. ಕೆಮ್ಮಿನ ಮಾತ್ರೆಯನ್ನು ಗಟ್ಟಿ ಮಾಡಲು ಏನು ಹಾಕಿದ್ದೀರಿ ಎಂದು ಆಕೆ ಕೇಳಿದಾಗ, ಆ ಕಡೆಯವನು ಇಂಥ ಪ್ರಶ್ನೆಯನ್ನು ಯಾರೂ ಕೇಳಿಲ್ಲ ಎಂದನಂತೆ. "ಈಗ ನಾನು ಕೇಳ್ತಿದೀನಲ್ಲ, ವಿಚಾರಿಸಿ ಹೇಳಿ, ಕಾಯ್ತೀನಿ," ಎಂದು ಇವಳು ಫೋನು ಹಿಡಿದುಕೊಂಡೇ ಪಾತ್ರೆ ತೊಳೆದಳು. ತಾತನ ಸಿಟ್ಟು ಇಳಿದದ್ದು ಅವತ್ತೇ. ಇಷ್ಟು ಹಠ ಇರುವವಳು ನಮ್ಮ ಕಡೆ ಇದ್ದಾಳಲ್ಲ ಎಂದು ಅವನಿಗೆ ಸಮಾಧಾನವಾಯಿತು. ಅಂದಿನಿಂದ ಅವನೂ ಮನೆಯಲ್ಲಿ ಬ್ರೆಡ್ಡು ಮುಟ್ಟಲಿಲ್ಲ. ಬಿಸ್ಕೆಟ್ಟಿನ ಚಪಲ ಬಂದರೆ ಬೀದಿ ತುದಿಗೆ ಹೋಗಿ ತಿಂದು, ಕೈ ಬಾಯಿ ತೊಳೆದು, ಅಂಗಿ ಕೊಡವಿಕೊಂಡು ಬರುತ್ತಿದ್ದ.

ತಾತನ ಕಾರ್ಖಾನೆ ಎಂದರೆ ಮನೆಯ ಮುಂದಿನ ಕೋಣೆ. ಅಲ್ಲಿ ರಟ್ಟಿನ ರಾಶಿ, ನೂಲಿನ ಉಂಡೆ, ಕಬ್ಬಿಣದ ದೊಡ್ಡ ಒತ್ತುಯಂತ್ರ, ಮೂಲೆಯಲ್ಲಿ ಅಂಟು ಕುದಿಸುವ ಪುಟ್ಟ ಒಲೆ. ಮಗನಿಗೆ ಚಿಕ್ಕವನಿದ್ದಾಗಲೇ ಆ ಕೋಣೆ ಎಂದರೆ ಆಗುತ್ತಿರಲಿಲ್ಲ, ರೈಲಿನ ಹಿಂದೆ ಹೋದ. ಮೆಣಸಿಗೆ ಮಾತ್ರ ಅದೇ ಅರಮನೆ. ಶಾಲೆಯಿಂದ ಬಂದವಳೇ ತಾತನ ಪಕ್ಕದ ಸ್ಟೂಲು ಹತ್ತಿ ಕೂತರೆ ಅಮ್ಮ ಕೆಲಸದಿಂದ ಬರುವವರೆಗೂ ಇಳಿಯುತ್ತಿರಲಿಲ್ಲ. ತಾತ ಹೊಲಿದದ್ದಕ್ಕೆ ಅವಳು ಅಂಟು ಸವರಬೇಕು, ತಾತ ಹಾಳೆ ಎಣಿಸಿದರೆ ಅವಳೂ ಎಣಿಸಬೇಕು. ಹೊಟ್ಟೆ ನೋಯುವ ದಿನಗಳಲ್ಲೂ ಮುದುಡಿಕೊಂಡು ಅಲ್ಲೇ ಇರುತ್ತಿದ್ದಳು. ಆ ಹೊತ್ತು ಇಲ್ಲದಿದ್ದರೆ ತಾತ ಎಂದೋ ಅಂಗಡಿಗೆ ಬೀಗ ಹಾಕುತ್ತಿದ್ದ. ಅವನಿಗೆ ಈಗ ಪುಸ್ತಕಗಳು ಬೇಕಾಗಿದ್ದದ್ದು ಈ ಮಗುವಿನ ಜೊತೆ ಕೂರಲು ಒಂದು ನೆಪಕ್ಕೆ.

ಇಷ್ಟೆಲ್ಲ ಮಾಡಿದರೂ ಎರಡನೇ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. "ಎಲ್ಲಿಂದಲೋ ಒಳಗೆ ಹೋಗ್ತಿದೆ. ಮನೆಯಲ್ಲಿ ಯಾರಾದ್ರೂ ಪ್ರೀತಿಗೆ ಅಂತ ಏನಾದ್ರೂ ಕೊಡ್ತಿದಾರಾ ನೋಡಿ. ಹೀಗೇ ಆದ್ರೆ ಬೆಳವಣಿಗೆ ಪೂರ್ತಿ ನಿಂತುಹೋಗುತ್ತೆ."

ಸೊಸೆ ಕೈಚೆಲ್ಲಿ ಕೂರಲಿಲ್ಲ. ಪೊಟ್ಟಣದ ತಿಂಡಿಯನ್ನೆಲ್ಲ ನಿಲ್ಲಿಸಿ ಬರೀ ಅನ್ನ, ಮೊಟ್ಟೆ, ತರಕಾರಿ, ಹಣ್ಣು ಕೊಟ್ಟಳು. ನೋವು ನಿಲ್ಲಲಿಲ್ಲ. ಶಾಲೆಗೆ ರಜೆ ಬಂತು, ಆಗಲೂ ನಿಲ್ಲಲಿಲ್ಲ. ಪಕ್ಕದ ಮನೆಗೆ ಆಡಲು ಕಳಿಸುವುದನ್ನು ನಿಲ್ಲಿಸಿದಳು, ಮೆಣಸು ಅತ್ತು ರಂಪ ಮಾಡಿತೇ ಹೊರತು ನೋವು ಹೋಗಲಿಲ್ಲ. ಈ ನಡುವೆ ಬೇರೊಂದು ಊರಿನ ಗ್ರಂಥಾಲಯದವರು ಹರಿದ ಪುಸ್ತಕಗಳ ರಿಪೇರಿಗೆಂದು ತಾತನನ್ನು ಕರೆಸಿಕೊಂಡರು. ಕೆಲವು ವಾರ ಕೋಣೆಗೆ ಬೀಗ ಬಿತ್ತು. ಆ ವಾರಗಳಲ್ಲಿ ಮೆಣಸು ಓಡಾಡಿತು, ಬಟ್ಟಲು ಖಾಲಿ ಮಾಡಿತು, ಅಪ್ಪನಿಗೆ ಎದುರುತ್ತರ ಕೊಟ್ಟಿತು. ತಾತ ಮರಳಿ ಬಂದ, ಅವನ ಹಿಂದೆಯೇ ನೋವೂ ಬಂತು.

ಮಗ ಅದನ್ನು ಎದುರಿಗೇ ಹೇಳಿಬಿಟ್ಟ. "ನೀವು ಇಲ್ದೇ ಇದ್ದಾಗ ಅವಳು ಚೆನ್ನಾಗಿದ್ಲು ಅಪ್ಪ. ನಿಜ ಹೇಳಿ, ಬಿಸ್ಕೆಟ್ ಕೊಡ್ತೀರಾ?"

ತಾತ ಕೂತಲ್ಲಿಂದ ಎದ್ದು ನಿಂತ. "ನನ್ನ ಕೈಯಾರೆ ನಾನು ಅವಳಿಗೆ ವಿಷ ಹಾಕ್ತೀನೇನೋ?" ಎಂದ. ಮಗ ತಲೆ ತಗ್ಗಿಸಿದ, ಆದರೆ ಕೇಳಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಇನ್ನು ಮೆಣಸನ್ನು ಮುಂದಿನ ಕೋಣೆಗೆ ಬಿಡಬೇಡಿ ಎನ್ನುವ ಮಾತು ಈಗಲೋ ಆಗಲೋ ಬರುತ್ತದೆಂದು ತಾತ ಕಾಯುತ್ತಾ ನಿಂತ.

ಮಾತನಾಡಿದ್ದು ಸೊಸೆ. "ಮಾವ ಕೊಟ್ಟಿಲ್ಲ ಅಂದ್ರೆ ಕೊಟ್ಟಿಲ್ಲ. ಸದ್ದು ಯಾವ ಕಡೆಯಿಂದ ಬರ್ತಿದೆ ಅಂತ ಗೊತ್ತಾಗಿದೆ ಅಷ್ಟೆ. ತೂತು ಎಲ್ಲಿದೆ ಅಂತ ಇನ್ನೂ ಗೊತ್ತಾಗಿಲ್ಲ. ಅಷ್ಟರೊಳಗೆ ಅಗೆಯೋಕೆ ನಿಂತುಬಿಟ್ರೆ ಹೇಗೆ?"

ಹೆತ್ತ ಮಗ ನಂಬದ ಮಾತನ್ನು ಹೊರಗಿನಿಂದ ಬಂದವಳು ನಂಬಿದಳು. ತಾತ ಕನ್ನಡಕ ಒರೆಸುವ ನೆಪದಲ್ಲಿ ಗೋಡೆ ಕಡೆ ತಿರುಗಿಕೊಂಡ.

ಮಾರನೇ ದಿನ ಅವಳು ಕೆಲಸಕ್ಕೆ ರಜೆ ಹಾಕಿ ಮುಂದಿನ ಕೋಣೆಗೆ ಬಂದು ರಟ್ಟಿನ ರಾಶಿಯ ಮೇಲೆ ಕೂತಳು. "ನಾನಿಲ್ಲಿ ಇಲ್ಲ ಅಂದ್ಕೊಳ್ಳಿ ಮಾವ. ನಿಮ್ಮ ಪಾಡಿಗೆ ನೀವು ಕೆಲಸ ಮಾಡಿ," ಎಂದಳು. ಒಂದು ಪ್ರಶ್ನೆ ಇಲ್ಲ, ಡಬ್ಬಿ ತೆರೆದು ನೋಡುವುದಿಲ್ಲ. ಕೊಳವೆಗೆ ಕಿವಿ ಕೊಟ್ಟಾಗ ಹೇಗಿರುತ್ತಾಳೋ ಹಾಗೇ, ಉಸಿರಿನ ಸದ್ದೂ ಕೇಳದಂತೆ ಕೂತಿದ್ದಳು. ಮೊದಲು ತಾತನಿಗೆ ಮುಜುಗರವಾಯಿತು. ಆಮೇಲೆ ಕೆಲಸದ ಲಹರಿಯಲ್ಲಿ ಅವಳು ಇರುವುದೇ ಮರೆತುಹೋಯಿತು. ಅಂಟು ಸವರಿದ, ರಟ್ಟು ಕೂರಿಸಿದ, ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ಎಣಿಸಿದ. ಪಕ್ಕದಲ್ಲಿ ಮೆಣಸೂ ಸವರಿತು. ಅದೂ ಬೆರಳನ್ನು ನಾಲಿಗೆಗೆ ತಾಗಿಸಿ, ತಾತನ ಗತ್ತಿನಲ್ಲೇ ಹಾಳೆ ಎಣಿಸಿತು.

ಸೊಸೆ ಮೆಲ್ಲಗೆ ಕೇಳಿದಳು. "ಮಾವ, ಈ ಅಂಟನ್ನ ಯಾತರಿಂದ ಮಾಡ್ತೀರಿ?"

ತಾತನಿಗೆ ಇಷ್ಟವಾದ ಪ್ರಶ್ನೆ. ತಲೆ ಎತ್ತದೆಯೇ ಹೇಳತೊಡಗಿದ. "ಮುಂಚೆ ಹುಳ ಹಿಡೀಬಾರ್ದು ಅಂತ ಮೈಲುತುತ್ತ ಹಾಕ್ತಿದ್ದೆ. ಅದು ವಿಷ. ಇವಳು ಇಲ್ಲಿ ಬಂದು ಕೂರೋಕೆ ಶುರು ಮಾಡಿದ ಮೇಲೆ ನಿಲ್ಲಿಸಿಬಿಟ್ಟೆ. ಈಗ ಬೇಕಾದಾಗೆಲ್ಲ ಹೊಸದಾಗಿ ಕುದಿಸ್ತೀನಿ. ಚೂರು ಬಾಯಿಗೆ ಹೋದ್ರೂ ಏನೂ ಆಗಲ್ಲಮ್ಮ, ಬರೀ ಮೈದಾ ಹಿಟ್ಟು, ನೀ..."

ಕೈಯಲ್ಲಿದ್ದ ಬ್ರಷ್ಷು ರಟ್ಟಿನ ಮೇಲೆ ಬಿತ್ತು.

ಮೈದಾ ಎಂದರೆ ಗೋಧಿ ಎಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಆ ಚೀಲವನ್ನು ಅವನು ತರುತ್ತಿದ್ದದ್ದು ದಿನಸಿ ಅಂಗಡಿಯಿಂದಲ್ಲ, ನೂಲು, ರಟ್ಟು ಕೊಡುವ ಕಾಗದದ ಮಂಡಿಯಿಂದ. ಅದು ಇರುತ್ತಿದ್ದದ್ದು ಸುತ್ತಿಗೆ, ಕತ್ತರಿಗಳ ಕಪಾಟಿನಲ್ಲಿ. ಅಡುಗೆಮನೆ ಖಾಲಿ ಮಾಡಿದ ದಿನ, ಮನೆಯಲ್ಲಿ ಇನ್ನೇನಾದರೂ ಹಿಟ್ಟಿದೆಯೇ ಎಂದು ಸೊಸೆ ಕೇಳಿದಾಗ ಅವನು ಇಲ್ಲವೆಂದದ್ದು ಸುಳ್ಳಾಗಿರಲಿಲ್ಲ. ಅವನ ಲೆಕ್ಕದಲ್ಲಿ ಅದು ಹಿಟ್ಟೇ ಅಲ್ಲ, ಕಸುಬಿನ ಸಾಮಾನು. ಮಗುವಿನ ಪ್ರಾಣಕ್ಕೆ ಅಂಜಿ ಒಂದು ವಿಷ ತೆಗೆದಿದ್ದ. ಉಳಿದದ್ದೇ ಅವಳಿಗೆ ವಿಷವಾಗಿತ್ತು.

"ನಾನೇ," ಎಂದ ತಾತ. "ಅವನು ಕೇಳಿದ್ದು ಸರಿಯಾಗೇ ಇತ್ತು. ಕೊಟ್ಟಿದ್ದು ನಾನೇ." ಕಣ್ಣಲ್ಲಿ ದಳದಳ ನೀರು ಸುರಿಯುತ್ತಿತ್ತು. ಮೆಣಸಿನ ಸ್ಟೂಲನ್ನು ಎತ್ತಿ ಬಾಗಿಲಾಚೆ ಇಟ್ಟ. "ಇವತ್ತಿಂದ ಇವಳು ಈ ಕೋಣೆಗೆ ಕಾಲಿಡೋದು ಬೇಡ."

ಸೊಸೆ ಮೊದಲು ಮಗಳ ಕೈ ಬಾಯಿ ತೊಳೆಸಿ ಒಳಗೆ ಕಳಿಸಿದಳು. ಆಮೇಲೆ ಸ್ಟೂಲನ್ನು ಎತ್ತಿ ತಂದು ಇದ್ದ ಜಾಗದಲ್ಲೇ ಇಟ್ಟಳು.

"ಒಂದು ಜಾಯಿಂಟು ಸೋರಿದ್ರೆ ಇಡೀ ಬೀದಿಗೆ ನೀರು ನಿಲ್ಲಿಸಲ್ಲ ಮಾವ. ಜಾಯಿಂಟು ಬದಲಾಯಿಸ್ತೀವಿ. ಹಿಟ್ಟು ಬದಲಾಗ್ಲಿ. ಅವಳ ಜಾಗ ಯಾಕೆ ಬದಲಾಗ್ಬೇಕು?"

ಹೇಳುವಷ್ಟು ಸುಲಭವಾಗಿರಲಿಲ್ಲ. ಮೈದಾ ಚೀಲ ಹೊರಗೆ ಹೋಯಿತು, ಅದರ ಜೊತೆಗೆ ತಾತನ ಗುರು ಕೊಟ್ಟಿದ್ದ ಹಳೆಯ ಬ್ರಷ್ಷೂ ಹೋಯಿತು. ಅದರ ಕೂದಲಿನ ಬುಡದಲ್ಲಿ ಎಷ್ಟು ವರ್ಷದ ಅಂಟು ಸೇರಿತ್ತೋ ಯಾರಿಗೆ ಗೊತ್ತು. ಸೊಸೆ ಕೋಣೆಯ ಮೂಲೆ ಮೂಲೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತುಯಂತ್ರದ ಸಂದುಗಳನ್ನೆಲ್ಲ ಕೆರೆದು ತೊಳೆದಳು. ಇತ್ತ ತಾತ ಹೊಸ ಅಂಟಿನ ಬೆನ್ನು ಬಿದ್ದ. ಜೋಳದ ಹಿಟ್ಟಿನದು ಆರಿದ ಮೇಲೆ ಬಿರುಕು ಬಿಟ್ಟಿತು. ಆಲೂಗಡ್ಡೆಯದು ಲೋಳೆ ಲೋಳೆಯಾಯಿತು. ಅಕ್ಕಿಯದು ಮೊದಲು ಗಂಟುಕಟ್ಟಿತು. ಇಷ್ಟು ವರ್ಷದ ಕಸುಬುದಾರ ಹೊಸ ಹುಡುಗನ ಹಾಗೆ ಒಲೆಯ ಮುಂದೆ ಮುಖ ಊದಿಸಿಕೊಂಡು ಕೂತದ್ದನ್ನು ನೋಡಿ ಸೊಸೆ, "ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ರೆ ಗಂಟಾಗಲ್ಲ ಮಾವ," ಎಂದಳು. ಮನೆಯಲ್ಲೇ ನುಣ್ಣಗೆ ಬೀಸಿದ ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟಳು. ಕೊನೆಗೊಂದು ದಿನ ಆ ಅಂಟಿನಲ್ಲಿ ಕಟ್ಟಿದ ಪುಸ್ತಕವನ್ನು ತಾತ ರಟ್ಟು ಹಿಡಿದು ಜಾಡಿಸಿದ, ನೆಲಕ್ಕೆ ಬೀಳಿಸಿದ, ಅಗಲಿಸಿ ಬಗ್ಗಿಸಿದ. ಪುಸ್ತಕ ಜಪ್ಪಯ್ಯ ಎನ್ನಲಿಲ್ಲ.

ಮುಂದಿನ ರಕ್ತ ಪರೀಕ್ಷೆಗೆ ಎಲ್ಲರೂ ಹೋದರು. ಡಾಕ್ಟರಮ್ಮ ಕಾಗದ ನೋಡಿ ಕನ್ನಡಕ ತೆಗೆದರು. "ರಕ್ತದಲ್ಲಿ ರೋಗದ ಅಂಶ ಚೆನ್ನಾಗಿ ಇಳಿದಿದೆ. ತೂಕಾನೂ ಏರಿದೆ. ಎಲ್ಲಿಂದ ಹೋಗ್ತಿತ್ತು ಅಂತ ಯಾರು ಕಂಡುಹಿಡಿದದ್ದು?"

"ನಮ್ಮ ಮಾವ," ಎಂದಳು ಸೊಸೆ. ಗಂಡನಿಗೂ ಅವಳು ವಿಷಯ ಗೊತ್ತಾದ ದಿನವೇ ಹಾಗೆ ಹೇಳಿದ್ದಳು. ಅವನು ಅಪ್ಪನ ಕೈ ಹಿಡಿದು ಕ್ಷಮೆಯನ್ನೂ ಕೇಳಿದ್ದ. ಅವತ್ತು ಬಾಯಿ ಬಾರದೆ ತಾತ ಸುಮ್ಮನಿದ್ದುಬಿಟ್ಟಿದ್ದ. ಇವತ್ತು ತಡೆಯಲಾಗಲಿಲ್ಲ.

"ಇಲ್ಲ ಡಾಕ್ಟ್ರೇ. ನನ್ನ ಅಂಟಿನಿಂದಲೇ ಹೋಗ್ತಿದ್ದದ್ದು. ಕಂಡುಹಿಡಿದದ್ದು ಇವಳು. ನನ್ನ ಮರ್ಯಾದೆ ಉಳಿಸೋಕೆ ಹೀಗೆ ಹೇಳ್ತಾಳೆ. ಇಂಥವಳು ನಮ್ಮ ಮನೆಗೆ ಬಂದಿದ್ದು ನಮ್ಮ ಪುಣ್ಯ."

ಮಗ ಅಪ್ಪನನ್ನೂ ಹೆಂಡತಿಯನ್ನೂ ನೋಡಿದ, ಅಪ್ಪನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಸೊಸೆ ಕಾಗದ ಮಡಚಿಟ್ಟುಕೊಂಡು, "ಹೇಳಿದ್ದು ನೀವೇ ತಾನೆ ಮಾವ, ನಾನು ಬರೀ ಕೇಳಿಸಿಕೊಂಡೆ," ಎಂದಳು.

ಮನೆಗೆ ಬಂದದ್ದೇ ಮೆಣಸು ಸ್ಟೂಲು ಹತ್ತಿತು. "ತಾತ, ಬ್ರಷ್ ಕೊಡು," ಎಂದಿತು. ತಾತ ಕೊಟ್ಟ. ಅವಳು ಸವರಿದಳು, ಬೆರಳಿಗೆ ಮೆತ್ತಿದ್ದನ್ನು ನೋಡಿದಳು, ತಟಕ್ಕನೆ ಬಾಯಿಗಿಟ್ಟುಕೊಂಡಳು. ತಾತನ ಜೀವ ಬಾಯಿಗೆ ಬಂತು. ಮರುಗಳಿಗೆ, ಅಕ್ಕಿ, ಬರೀ ಅಕ್ಕಿ ಎಂದು ನೆನಪಾಗಿ ಉಸಿರು ಬಿಟ್ಟ.

ಮೆಣಸು ಮುಖ ಸಿಂಡರಿಸಿತು. "ತಾತ, ಇದು ಚೆನ್ನಾಗೇ ಇಲ್ಲ. ಹಳೇದು ಎಷ್ಟು ರುಚಿಯಾಗಿತ್ತು ಗೊತ್ತಾ? ನೀನು ಆ ಕಡೆ ತಿರುಗಿದಾಗೆಲ್ಲ ನಾನು ತಿಂತಿದ್ದೆ."

ಬಾಗಿಲಲ್ಲಿ ನಿಂತಿದ್ದ ಸೊಸೆ ಮಾವನ ಮುಖ ನೋಡಿದಳು, ಮಾವ ಸೊಸೆಯ ಮುಖ ನೋಡಿದ. ಅವಳಿಗೆ ನಗು ತಡೆಯಲಾಗಲಿಲ್ಲ, ಚೌಕಟ್ಟು ಹಿಡಿದುಕೊಂಡು ನಕ್ಕಳು. ಅವಳು ಹೀಗೆ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದು ತಾತನಿಗೆ ಆಗಲೇ ಹೊಳೆದದ್ದು. ನಗುತ್ತಲೇ ಅವಳು ಬಂದು, ಮಗಳ ಇನ್ನೊಂದು ಪಕ್ಕದಲ್ಲಿ ರಟ್ಟಿನ ರಾಶಿಯ ಮೇಲೆ ಕೂತಳು. ತಾತ ಅವಳ ಕೈಗೂ ಒಂದು ಬ್ರಷ್ಷು ಕೊಟ್ಟ.