ಹ್ಞೂಂ ಅನ್ನುವ ಮೂಗು

"ಇನ್ಸ್‌ಪೆಕ್ಟರ್ ರಾತ್ರಿಯೆಲ್ಲ ಹೆಂಗಸರ ಹಾಸ್ಟೆಲ್ಲಿನಲ್ಲೇ ಡ್ಯೂಟಿ ಮಾಡಿದ್ದಾನೆ ಕಣೇ," ಎಂದು ಗಂಡ ಹಾಲಿನ ಕ್ಯಾನನ್ನು ಬಾಗಿಲಲ್ಲೇ ಇಳಿಸಿದ. "ಅಗುಳಿ ಕಿತ್ತು ಒಳಗೆ ನುಗ್ಗಿದ್ದಾನೆ. ಎಳೆದು ತರೋಷ್ಟರಲ್ಲಿ ಸಾಕುಸಾಕಾಯ್ತು. ಈಗ ನನ್ನ ಹತ್ತಿರ ನನಗೇ ನಿಲ್ಲೋಕಾಗ್ತಿಲ್ಲ."

ಇನ್ಸ್‌ಪೆಕ್ಟರ್ ಎಂದರೆ ಹೋತ. ಗಡ್ಡ, ಗತ್ತು, ಎಲ್ಲರನ್ನೂ ಮೇಲಿಂದ ಕೆಳಗೆ ನೋಡುವ ರೀತಿ, ಎಲ್ಲ ಸೇರಿ ಅದಕ್ಕೆ ಆ ಹೆಸರು ತಂದುಕೊಟ್ಟಿದ್ದವು. ಹಾಲು ಕೊಡುವ ಮೇಕೆಗಳಿಂದ ದೂರ, ಅಂಗಳದ ಆಚೆ ತುದಿಯಲ್ಲಿ ಅದನ್ನು ಕಟ್ಟುತ್ತಿದ್ದರು. ಅದು ಮೈಯುಜ್ಜಿದರೆ ಸಾಕು, ಅದರ ಗಬ್ಬುನಾತ ಮೇಕೆಯ ಕೆಚ್ಚಲಿಗೆ ಹತ್ತುತ್ತದೆ, ಕೆಚ್ಚಲಿನಿಂದ ಹಾಲಿಗೆ. ಹಾಲಿನಲ್ಲಿ ಎಳ್ಳಷ್ಟಿದ್ದದ್ದು ಚೀಸಿನೊಳಗೆ ಎರಡು ವಾರ ಕೂತರೆ ಊರಿಗೆಲ್ಲ ಡಂಗುರ ಸಾರುತ್ತದೆ.

"ಹಾಗಾದರೆ ಈ ಹಾಲು?" ಎಂದಳು ಹೆಂಡತಿ.

"ಅಮ್ಮ ಇದ್ದಾಳಲ್ಲ, ನೋಡ್ತಾಳೆ ಬಿಡು," ಎಂದವನೇ ಅವನು ಸೋಪು ಹುಡುಕಿಕೊಂಡು ಬಚ್ಚಲಿಗೆ ಹೋದ.

ಆ ಮನೆಯ ಕ್ರಮವೇ ಅದು. ದಿನಾ ಬೆಳಿಗ್ಗೆ ಸೊಸೆ ಕ್ಯಾನಿನ ಮುಚ್ಚಳ ತೆಗೆಯಬೇಕು, ಅತ್ತೆ ಬಗ್ಗಿ ಮೂಗು ಒಡ್ಡಬೇಕು. "ಹ್ಞೂಂ" ಅಂದರೆ ಮಾತ್ರ ಹಾಲು ಚೀಸಿನ ಪಾತ್ರೆಗೆ. ಮೇಕೆ ಏನು ಮೇಯ್ದಿದೆ, ಕ್ಯಾನನ್ನು ಯಾರು ಅರೆಬರೆ ತೊಳೆದಿದ್ದಾರೆ, ಎಲ್ಲವನ್ನೂ ಹೇಳುವ ಮೂಗು. "ಅಮ್ಮನ ಮೂಗು ಇರೋತನಕ ಚೀಸು. ಆಮೇಲೆ ಹಾಲನ್ನ ಸೀದಾ ಡೇರಿ ವ್ಯಾನಿಗೆ ಸುರಿದು ಹಾಯಾಗಿರೋಣ," ಎಂದು ಗಂಡ ಆಗಾಗ ನಗುತ್ತ ಹೇಳುತ್ತಿದ್ದ. ಅದು ತಮಾಷೆಯಲ್ಲ ಎಂದು ಸೊಸೆಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಈ ಮನೆಗೆ ಬಂದಾಗ ಮೇಕೆಯ ಹತ್ತಿರ ಹೋಗಲೂ ಹೆದರುತ್ತಿದ್ದವಳು ಅವಳು. ಈಗ ಚೀಸು ಮಾಗಿಸುವ ಆ ತಣ್ಣನೆಯ ಕೋಣೆ, ಹಲಗೆಯ ಮೇಲೆ ಸಾಲಾಗಿ ಕೂತು ಮೆಲ್ಲಗೆ ಬಿಳಿ ಬೂಷ್ಟು ಹೊದೆಯುವ ಪುಟ್ಟ ಬಿಲ್ಲೆಗಳು, ಇವನ್ನು ಬಿಟ್ಟು ಬದುಕುವುದು ಹೇಗೆಂದು ಅವಳಿಗೆ ತೋಚುತ್ತಿರಲಿಲ್ಲ.

ಅತ್ತೆ ಬಂದರು. ಸೊಸೆ ಮುಚ್ಚಳ ಎತ್ತಿದಳು. ನಾತ ಗಪ್ಪನೆ ಬಡಿಯಿತು, ಇನ್ಸ್‌ಪೆಕ್ಟರನೇ ಕ್ಯಾನಿನೊಳಗೆ ಕೂತಿದ್ದಾನೇನೋ ಅನ್ನುವಂತೆ. ಅತ್ತೆ ಈಗ ಏನನ್ನುತ್ತಾರೋ, ಯಾವ ಬೈಗುಳ ಹೊರಬರುತ್ತದೋ ಎಂಬ ಕುತೂಹಲಕ್ಕೆ ಅವಳು ಉಸಿರು ಬಿಗಿಹಿಡಿದು, ಮುಖವನ್ನು ಕಲ್ಲಿನ ಹಾಗೆ ಮಾಡಿಕೊಂಡು ನಿಂತಳು.

ಅತ್ತೆ ಬಗ್ಗಿದರು. ಒಮ್ಮೆ ತಲೆಯೆತ್ತಿ ಸೊಸೆಯನ್ನು ನೋಡಿದರು. ಮತ್ತೆ ಬಗ್ಗಿದರು.

"ಹ್ಞೂಂ. ಸುರಿ."

ಸುರಿದದ್ದೂ ಆಯಿತು, ಅತ್ತೆ ಹೆಪ್ಪು ಕಲಸಿ ಪಾತ್ರೆ ಮುಚ್ಚಿದ್ದೂ ಆಯಿತು. ಸೊಸೆ ಅಚ್ಚುಗಳನ್ನು ತೊಳೆಯುತ್ತ ಯೋಚಿಸಿದಳು. ಪರೀಕ್ಷೆ ಮಾಡುತ್ತಿದ್ದಾರೆಯೇ? ಬಾಯಿಬಿಡುತ್ತಾಳೋ ಇಲ್ಲವೋ ನೋಡೋಣ ಅಂತಲೇ? ಅತ್ತೆ ಅಂಥವರೇ. ಆದರೆ ಒಂದು ಪಾತ್ರೆ ಹಾಲನ್ನು ಪರೀಕ್ಷೆಗೆ ಸುರಿಯುವ ಕೈ ಅವರದಲ್ಲ. ಸೌಟಿಗಂಟಿದ ಹನಿಯನ್ನೂ ಬಿಡದವರು.

ಅಡುಗೆಮನೆಯಲ್ಲಿ ಅತ್ತೆ ಒಲೆಗೆ ಬೆನ್ನು ಹಾಕಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಕಾಫಿಗಿಟ್ಟ ಹಾಲನ್ನು ಸೊಸೆ ಬೇಕೆಂದೇ ಇಳಿಸಲಿಲ್ಲ. ಅದು ಉಕ್ಕಿತು, ಬರ್ನರಿನ ಮೇಲೆ ಹರಿಯಿತು, ಕರಕಲಾಯಿತು. ಸೀದ ವಾಸನೆಗೆ ಬಚ್ಚಲಿನಿಂದ ಗಂಡ ಕೂಗಿದ, "ಏನೇ ಸುಡ್ತಿದೀಯ ಅಲ್ಲಿ?"

ಅತ್ತೆ ಆ ಕೂಗಿಗೆ ತಿರುಗಿದರು. ಒಲೆ ನೋಡಿದರು. ಒಲೆಯ ಪಕ್ಕ ಕೈಕಟ್ಟಿ ನಿಂತಿದ್ದ ಸೊಸೆಯನ್ನು ನೋಡಿದರು. ಕೈಯಲ್ಲಿದ್ದ ಹುರುಳಿಕಾಯಿಯನ್ನು ಮೆಲ್ಲಗೆ ತಟ್ಟೆಗೆ ಹಾಕಿದರು.

ಸೊಸೆ ಒಲೆ ಆರಿಸಿ ಅವರ ಪಕ್ಕ ಕೂತಳು. "ಯಾವಾಗಿಂದ ಅತ್ತೆ?"

"ಆ ಜ್ವರ ಬಂದಿತ್ತಲ್ಲ, ಅವತ್ತಿಂದ. ಎರಡು ತಿಂಗಳಾಯ್ತು. ನಾಲಿಗೆಗೂ ಅಷ್ಟೇ, ಉಪ್ಪು ಹುಳಿ ಬಿಟ್ಟು ಏನೂ ಗೊತ್ತಾಗಲ್ಲ."

"ಎರಡು ತಿಂಗಳು ದಿನಾ ಹ್ಞೂಂ ಅಂದ್ರಲ್ಲ! ಎರಡು ಸಲ ಹಾಲು ಬೇಡ ಅಂದ್ರಿ, ಅದೂ ಸರಿಯಾಗಿತ್ತು. ಅದು ಹೇಗೆ?"

"ಮುಚ್ಚಳ ತೆಗೀವಾಗ ನಿನ್ನ ಎಡಗಡೆ ಮೂಗು ಒಂಚೂರು ಅದುರುತ್ತೆ ಕಣೇ, ಹಾಲು ಕೆಟ್ಟಿದ್ರೆ. ನಿನಗೇ ಗೊತ್ತಿಲ್ಲ. ನಾನು ಅದನ್ನೇ ನೋಡ್ಕೊಂಡು ಹೇಳ್ತಿದ್ದೆ." ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. "ಇವತ್ತು ನೋಡಿದ್ರೆ ನೀನು ಗೋಡೆ ಥರ ನಿಂತಿದ್ದೆ. ಯಾಕೆ ಹಾಗೆ ನಿಂತೆ, ಮಾರಾಯ್ತಿ?"

"ನೀವು ಏನಂತೀರೋ ನೋಡೋಣ ಅಂತ."

ಅತ್ತೆಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಕಣ್ಣು ತುಂಬಿತು. "ಆ ಪಾತ್ರೆ ಚೆಲ್ಲಿಬಿಡು. ಕೇಳಿದ್ರೆ ಹೆಪ್ಪು ಕೂಡಲಿಲ್ಲ ಅನ್ನು. ಅವನ ಕಿವಿಗೆ ಬಿದ್ರೆ ನಾಳೆನೇ ವ್ಯಾನು ಬಾಗಿಲಿಗೆ ಬರುತ್ತೆ."

ಚೆಲ್ಲಲು ಹೊತ್ತು ಸಿಗಲಿಲ್ಲ. ಅಂಗಳದಲ್ಲಿ ಮೀಸೆಯವನ ಗಾಡಿ ನಿಂತೇಬಿಟ್ಟಿತು. ಪೇಟೆಯ ಹೋಟೆಲಿನ ಅಡುಗೆಯವನು ಅವನು. ವಾರಕ್ಕೊಮ್ಮೆ ಬಂದು ಚೀಸು ಒಯ್ಯುತ್ತಾನೆ, ಅತ್ತೆ ಮೂಸಿ ಕೊಟ್ಟ ಬಿಲ್ಲೆಯನ್ನು ಮಾತ್ರ. ಗಂಡನೂ ಒದ್ದೆ ತಲೆ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೊರಗಿದ.

ಸೊಸೆ ಒಂದೊಂದೇ ಬಿಲ್ಲೆಯನ್ನು ಮುರಿದು ಅತ್ತೆಯ ಕೈಗಿತ್ತಳು. ಅತ್ತೆ ಅದನ್ನು ಮೂಗಿಗೆ ಹಿಡಿದು, ಬಿಳಿ ಅಂಚಿನ ಮೇಲಿಂದ ಸೊಸೆಯ ಮುಖದಲ್ಲೇ ಕಣ್ಣು ನೆಟ್ಟರು. ತನ್ನ ಮೂಗು ಅದುರುವುದು ಸೊಸೆಗೆ ಈಗ ಗೊತ್ತಾಗಿಬಿಟ್ಟಿತ್ತಲ್ಲ, ಅದೇ ಕಷ್ಟ. ಸರಿಯಾಗಿ ನಡೆಯುತ್ತಿದ್ದವರನ್ನು ಹೇಗೆ ನಡೆಯುತ್ತೀರಿ ಎಂದು ಕೇಳಿದ ಹಾಗೆ. ಎರಡು ಬಿಲ್ಲೆ ದಾಟಿದವು. ಮೂರನೆಯದರಲ್ಲಿ ತುಸು ಘಾಟಿತ್ತು. ಅದುರಿತೋ, ಅದುರಿಸಿದಳೋ, ಅವಳಿಗೇ ತಿಳಿಯಲಿಲ್ಲ.

"ಇದು ಬೇಡ," ಎಂದರು ಅತ್ತೆ.

ಮೀಸೆಯವನು ಅದನ್ನೆತ್ತಿ ಮೂಸಿದ, ನಾಲಿಗೆಗೆ ಚೂರು ಹಾಕಿಕೊಂಡ, ತಲೆದೂಗಿದ. "ಅಮ್ಮಾ, ನಿಮ್ಮ ಮೂಗಿಗೆ ಇನ್ಶೂರೆನ್ಸ್ ಮಾಡಿಸಬೇಕು!"

"ಮಾಡಿಸಪ್ಪ," ಎಂದರು ಅತ್ತೆ. "ನನ್ನ ಸೊಸೆ ಹೆಸರೂ ಸೇರಿಸಿ ಬರೆಸು."

ಗಾಡಿ ಹೋದ ಮೇಲೆ ಅತ್ತೆ ಒಂದು ಹಿಡಿಕೆ, ಸೊಸೆ ಒಂದು ಹಿಡಿಕೆ ಹಿಡಿದು ಪಾತ್ರೆಯನ್ನು ಅಂಗಳದ ಆಚೆ ತುದಿಗೆ ಒಯ್ದು ಗುಂಡಿಗೆ ಬಗ್ಗಿಸಿದರು. ಅರ್ಧ ಗಟ್ಟಿಯಾಗಿದ್ದ ಹಾಲು ಬಳಬಳ ಇಳಿಯಿತು. ಇನ್ಸ್‌ಪೆಕ್ಟರ್ ಹಗ್ಗ ಎಳೆದುಕೊಂಡು ಬಂದು ಕತ್ತು ಚಾಚಿ ಮೂಸಿತು. ಮೇಲ್ದುಟಿಯನ್ನು ಮೂಗಿನವರೆಗೆ ಸುರುಳಿ ಸುತ್ತಿ, ಮುಖವನ್ನು ಆಕಾಶಕ್ಕೆ ಎತ್ತಿ, ಬಹಳ ಹೊತ್ತು ಹಾಗೇ ನಿಂತಿತು.