ಕೊನೆಯ ತುತ್ತು ಪೋತಿಗೆ

ಆ ಗ್ರೀಕ್ ಹೋಟೆಲನ್ನು ಆರಿಸಿದವಳು ಪೋತಿ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ನಾಲ್ವರು ಹುಡುಗಿಯರು ಒಂದೇ ತಟ್ಟೆಗೆ ಕೈ ಹಾಕುತ್ತಿದ್ದ ಕಾಲದಲ್ಲಿ ಅವಳು ತಿಂಡಿಪೋತಿ ಎನಿಸಿಕೊಂಡಳು. ಬರಬರುತ್ತಾ ತಿಂಡಿ ಉದುರಿಹೋಗಿ ಪೋತಿ ಮಾತ್ರ ಉಳಿಯಿತು. ತಟ್ಟೆಯಲ್ಲಿ ಏನೇ ಇರಲಿ, ಕೊನೆಯ ತುತ್ತು ಪೋತಿಗೆ. ಅದು ಕೋಣೆಯ ಕಾನೂನು. ನಾಲ್ವರ ತಲೆಯೂ ನರೆತಿತ್ತು, ಕಾನೂನು ಮಾತ್ರ ರದ್ದಾಗಿರಲಿಲ್ಲ.

"ಎಲ್ಲಾ ನಡುವೆ ಇಟ್ಟು ಎಲ್ಲರೂ ಕೈ ಹಾಕೋ ಊಟ ಕಣ್ರೇ, ನಮ್ಮ ಹಾಸ್ಟೆಲ್ ತರಾನೇ," ಎಂದು ಮೆಸೇಜ್ ಹಾಕಿದ್ದಳು. ಫೋನು ಹಿಡಿದರೆ ಗಂಟೆಗಟ್ಟಲೆ ಬಿಡದವಳು ಈಚೆಗೆ ಬರೀ ಮೆಸೇಜು. ಅದು ಯಾಕೆಂದು ಯಾರೂ ಕೇಳಲಿಲ್ಲ. ಗೆಳತಿಯರಂತೆ ಗೆಳತಿಯರು!

ನಾಲ್ವರಲ್ಲಿ ಕೇಳಬೇಕಾದವಳು ಗಂಟಲಮ್ಮ. ಆಸ್ಪತ್ರೆಯಲ್ಲಿ ಅವಳ ಕೆಲಸವೆಂದರೆ, ಪಾರ್ಶ್ವವಾಯು ಬಡಿದವರಿಗೆ, ನರ ಸೋತವರಿಗೆ ನುಂಗುವುದನ್ನು ಮತ್ತೆ ಕಲಿಸುವುದು. ನುಂಗುವುದಕ್ಕೂ ಪಾಠವೇ ಎಂದು ನಗಬೇಡಿ. ದಾರಿ ತಪ್ಪಿದರೆ ಒಂದು ಗುಟುಕು ನೀರೂ ಪುಪ್ಪುಸಕ್ಕಿಳಿದು ಜೀವ ತೆಗೆಯುತ್ತದೆ. ದಿನವಿಡೀ ಗಂಟಲುಗಳನ್ನೇ ನೋಡಿ ಅವಳಿಗೆ ಜನರ ಮುಖವೇ ನೆನಪಿರುತ್ತಿರಲಿಲ್ಲ.

ನೀಲಿ ಬಳಿದ ಕುರ್ಚಿಗಳು, ಕ್ಲಿಪ್ಪು ಹಾಕಿ ಬಿಗಿದ ಕಾಗದದ ಮೇಜುಹಾಸು. ಪೋತಿ ಮೊದಲೇ ಬಂದು ಹೇಳಿಟ್ಟಿದ್ದಳು: ಸೌತೆಕಾಯಿ ತುರಿದು ಹಾಕಿದ ಗಟ್ಟಿ ಮೊಸರು, ಸುಟ್ಟ ಬದನೆಯ ಗೊಜ್ಜು, ಬದನೆ, ಕೈಮಾ ಪದರ ಪದರವಾಗಿ ಬೇಯಿಸಿದ, ಬಾಯಲ್ಲಿಟ್ಟರೆ ಕರಗುವ ಮುಸಾಕಾ.

"ಏನೇ ಇದು, ಹಲ್ಲು ಬಿದ್ದ ಅಜ್ಜಿ ಊಟ!" ಎಂದಳು ಟೈಲರ್. ಬಾಯಿ ಬಿಟ್ಟರೆ ಕತ್ತರಿ ಆಡಿಸುವವಳು ಅವಳೇ. ಶಾಲೆಯ ವ್ಯಾನು ಓಡಿಸುವ ಡ್ರೈವರಮ್ಮ ನಕ್ಕು, ಕೆಂಡದಲ್ಲಿ ಸುಟ್ಟ ಆಕ್ಟೋಪಸ್ಸನ್ನೂ ಕಡ್ಡಿಗೆ ಚುಚ್ಚಿದ ಮಾಂಸವನ್ನೂ ತರಿಸಿದಳು.

ಪೋತಿ ನೀರಿನ ಲೋಟ ಎತ್ತಿದಳು. ಒಂದು ಗುಟುಕು ಹೀರಿ, ಗದ್ದವನ್ನು ಎದೆಗೆ ಒತ್ತಿ ನುಂಗಿದಳು. ಇನ್ನೊಮ್ಮೆ ನುಂಗಿದಳು. ಆಮೇಲೆ ಮೆಲ್ಲಗೆ ಗಂಟಲು ಸರಿಪಡಿಸಿಕೊಂಡಳು.

ಗಂಟಲಮ್ಮ ಅದನ್ನು ಕಂಡಳು. ಹಾಗೆ ಯಾರೂ ತಾವಾಗಿ ನುಂಗುವುದಿಲ್ಲ. ಅದು ಕಲಿಸಿದ ವಿದ್ಯೆ, ದಿನಾ ತಾನೇ ಕಲಿಸುವ ವಿದ್ಯೆ. ಪೋತಿಗೆ ಅದನ್ನು ಬೇರೆ ಯಾರೋ ಕಲಿಸಿದ್ದರು.

ಟೈಲರ್ ಆಕ್ಟೋಪಸ್ಸಿನ ದಪ್ಪ ತುಂಡೊಂದನ್ನು ಪೋತಿಯ ಮುಂದೆ ಬಡಿಸಿದ್ದೇ ತಡ, ಗಂಟಲಮ್ಮ ಅದನ್ನು ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ಮಾಂಸ ಬಂತು, ಅದನ್ನೂ ಕಸಿದಳು. ರೊಟ್ಟಿಯ ಗರಿಗರಿ ಅಂಚನ್ನೂ ಬಿಡಲಿಲ್ಲ.

"ಅಯ್ಯೋ ಇವಳ ಹೊಟ್ಟೆ ಸೇದಿಹೋಗ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ ನೋಡು ಪೋತಿ!" ಟೈಲರ್ ಮೇಜು ತಟ್ಟಿ ನಕ್ಕಳು. ಡ್ರೈವರಮ್ಮನೂ ನಕ್ಕಳು. ಪೋತಿ ಮಾತ್ರ ಗಂಟಲಮ್ಮನನ್ನು ಕೆಕ್ಕರಿಸಿ ನೋಡಿ, "ಕೈ ತೊಳೀಬೇಕು, ನೀನೂ ಬಾ," ಎಂದು ಎದ್ದಳು.

ಕೈತೊಳೆಯುವ ಜಾಗದಲ್ಲಿ ಒಂದೇ ಬಲ್ಬು. ಪೋತಿ ನಲ್ಲಿ ಬಿಟ್ಟಳು, ಕೈ ಒಡ್ಡಲಿಲ್ಲ.

"ಯಾವಾಗಿಂದ?" ಎಂದಳು ಗಂಟಲಮ್ಮ.

"ಚಳಿ ಶುರುವಾದಾಗಿಂದ. ಏನಂತ ಕೇಳಬೇಡ, ನೀನಂದ್ಕೊಂಡಿರೋ ನರದ ಕಾಯಿಲೇನೇ." ಪೋತಿಯ ದನಿ ಗಂಟಲಲ್ಲಿ ನೀರು ನಿಂತಂತೆ ಒದ್ದೆಯಾಗಿತ್ತು.

"ನನ್ನ ಬಿಟ್ಟು ಇನ್ಯಾರ ಹತ್ರಾನೋ ಹೋದ್ಯಲ್ಲೇ! ನಾನೇನು ಸತ್ತು ಹೋಗಿದ್ನಾ?"

"ನಿನ್ನ ಹತ್ರ ಬಂದ್ರೆ ನೀನು ನನ್ನ ಮುಖ ನೋಡಲ್ಲ ಕಣೇ. ನಿಮ್ಮಮ್ಮ ಹಾಸಿಗೆ ಹಿಡಿದಾಗ ನಾನೇ ನೋಡಿದೀನಲ್ಲ. ಕೊನೇವರೆಗೂ ನೀನು ಉಣಿಸಿದ್ದು ಅಮ್ಮಂಗಲ್ಲ, ಗಂಟಲಿಗೆ. ಅವರು ನಿನ್ನ ಕಣ್ಣು ಹುಡುಕ್ತಾ ಇದ್ರು."

ಗಂಟಲಮ್ಮನಿಗೆ ಅಳು ಉಕ್ಕಿತು, ಸಿಟ್ಟೂ ಉಕ್ಕಿತು. ಯಾರ ಮೇಲಿನ ಸಿಟ್ಟೆಂದು ಅವಳಿಗೇ ತಿಳಿಯಲಿಲ್ಲ.

"ಮುಂದಿನ ವಾರ ಹೊಟ್ಟೆಗೆ ನಳಿಗೆ ಹಾಕ್ತಾರೆ," ಎಂದಳು ಪೋತಿ. "ಆಮೇಲೆ ಬಾಯಿಗೆ ರಜಾ. ಅವರಿಬ್ಬರಿಗೂ ನಾಳೆ ನಾನೇ ಹೇಳ್ತೀನಿ. ಇವತ್ತೊಂದು ದಿನ ನನ್ನ ಮುಖ ನೋಡ್ಕೊಂಡು ಊಟ ಮಾಡು. ಇಷ್ಟೇ ಕೇಳ್ತಿರೋದು."

"ಆಯ್ತು."

"ಆಣೆ?"

"ನಿನ್ನಾಣೆ," ಎಂದಳು ಗಂಟಲಮ್ಮ, ಮೂಗೊರೆಸಿಕೊಳ್ಳುತ್ತ.

ವಾಪಸು ಬಂದಾಗ ಬಕ್ಲಾವಾ ಬಂದಿತ್ತು. ಹಾಳೆಯಂಥ ಪದರಗಳ ನಡುವೆ ಬೀಜದ ಪುಡಿ ತುಂಬಿ ಪಾಕದಲ್ಲಿ ಅದ್ದಿದ ಸಿಹಿ. ಮುಟ್ಟಿದರೆ ಪುಡಿಪುಡಿ. ತನ್ನ ವಾರ್ಡಿನ ಬಾಗಿಲಿನೊಳಗೆ ಗಂಟಲಮ್ಮ ಅದನ್ನು ಬಿಟ್ಟುಕೊಳ್ಳುವವಳೇ ಅಲ್ಲ. ಡ್ರೈವರಮ್ಮ ವ್ಯಾನಿನ ಮಕ್ಕಳ ಕಿತಾಪತಿ ಹೇಳಿದಳು, ಎಲ್ಲರೂ ನಕ್ಕರು. ನಗುನಗುತ್ತಲೇ ತಟ್ಟೆಯಲ್ಲಿ ಒಂದೇ ಒಂದು ತುಂಡು ಉಳಿಯಿತು.

"ಕೊನೇ ತುತ್ತು ಯಾರಿಗೆ?" ಟೈಲರ್ ಹಳೆಯ ರಾಗದಲ್ಲಿ ಕೂಗಿದಳು.

"ಪೋತಿಗೆ!" ಎಂದಳು ಡ್ರೈವರಮ್ಮ.

ಪೋತಿ ತುಂಡನ್ನೆತ್ತಿ, ಪಾಕದಲ್ಲಿ ನೆಂದ ಒಂದು ಮೂಲೆಯನ್ನು ಉಗುರಿನಷ್ಟು ಮುರಿದುಕೊಂಡಳು. ಗಂಟಲಮ್ಮ ಅವಳ ಮುಖವನ್ನೇ ನೋಡಿದಳು. ಹುಬ್ಬಿನ ಪಕ್ಕದ ಮಚ್ಚೆ, ಸ್ವಲ್ಪ ಕದಡಿದ ಕಾಡಿಗೆ, ಹಾಸ್ಟೆಲ್ಲಿನ ಕಾಲದ ಅದೇ ಆಸೆಬುರುಕ ಕಣ್ಣು. ಎಷ್ಟು ಚೆಂದವಿದ್ದಾಳೆ ಇವಳು, ಇಷ್ಟು ವರ್ಷ ಎಲ್ಲಿ ನೋಡುತ್ತಿದ್ದೆ ನಾನು ಎನಿಸಿತು. ಪೋತಿ ಚೂರನ್ನು ನಾಲಿಗೆಯ ಮೇಲಿಟ್ಟು ಸುಖದಿಂದ ಕಣ್ಣು ಮುಚ್ಚಿದಳು. ಗದ್ದ ತಗ್ಗಿತು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಲಿತ ಗುಣ ಮಾತ್ರ ಹೋಗುತ್ತದೆಯೇ? ಗಂಟಲಮ್ಮನ ಕಣ್ಣು ಜಾರಿ ಕೆಳಗಿಳಿಯಿತು. ಗಂಟಲ ಮಣಿ ಮೇಲೆದ್ದು ಅರ್ಧದಲ್ಲಿ ನಿಂತು, ಮತ್ತೆ ಎದ್ದದ್ದನ್ನು ಅವಳು ಉಸಿರು ಹಿಡಿದು ನೋಡಿದಳು. ಇಳಿಯಿತು, ಸದ್ಯ, ಸರಿಯಾಗಿ ಇಳಿಯಿತು ಎಂದುಕೊಂಡು ತಲೆಯೆತ್ತಿದರೆ ಪೋತಿ ಕಣ್ಣು ಬಿಟ್ಟು ಇವಳನ್ನೇ ನೋಡುತ್ತಿದ್ದಳು.

ಬೈದಿದ್ದರೆ ಚೆನ್ನಾಗಿತ್ತು. ಪೋತಿ ಬೈಯಲಿಲ್ಲ. ಉಳಿದ ತುಂಡನ್ನು ತಟ್ಟೆಗೆ ವಾಪಸಿಟ್ಟು ಬೆರಳು ಒರೆಸಿಕೊಂಡಳು.

"ಸಾಕು ಕಣ್ರೇ," ಎಂದಳು. "ನಂಗೆ ಹೊಟ್ಟೆ ತುಂಬ್ತು."

ಆ ಮಾತನ್ನು ಅವಳ ಬಾಯಿಂದ ಅವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಟೈಲರಳ ನಗು ಅರ್ಧಕ್ಕೇ ನಿಂತಿತು. ಡ್ರೈವರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ತುತ್ತು ತಟ್ಟೆಯಲ್ಲೇ ಇತ್ತು. ಅದಕ್ಕೆ ಯಾರೂ ಕೈ ಹಾಕಲಿಲ್ಲ.