ಭಂಡಾರ ಮುಟ್ಟಿದ ಕೈ, ಕಂಪನಿಯ ಶಿಕ್ಕಾ

ನಲವತ್ತೆರಡನೇ ದಿನಕ್ಕೆ ಕೋಳಿ ಒಯ್ಯಲು ಗಾಡಿ ಬರಬೇಕಿತ್ತು. ಐವತ್ತಾದರೂ ಬರಲಿಲ್ಲ. ಖಾನಾಪುರದ ಹತ್ತಿರದ ಹಳ್ಳಿಯಲ್ಲಿ ಚಂದ್ರವ್ವನ ಶೆಡ್ಡು ಕಾಲಿಡಲು ಜಾಗವಿಲ್ಲದಷ್ಟು ತುಂಬಿ, ಕೋಳಿಗಳು ಬೇಸಿಗೆಯ ಸೆಕೆಗೆ ಬಾಯಿ ತೆರೆದು ತೇಕುತ್ತಿದ್ದವು. ದಿನಾ ಬೆಳಿಗ್ಗೆ ಅವಳು ಸತ್ತವನ್ನು ಬುಟ್ಟಿಗೆ ತುಂಬಿ ಒಯ್ದು ಹೂಳುತ್ತಿದ್ದಳು.

ಮರಿ, ಆಹಾರ, ಔಷಧ ಬೆಳಗಾವಿಯ ಒಂದು ಕಂಪನಿಯದು. ಶೆಡ್ಡು, ನೀರು, ದುಡಿಮೆ ಚಂದ್ರವ್ವ ಮತ್ತು ಗಂಡ ಭರಮಪ್ಪನದು. "ಹೇಳಿದ ದಿನಕ್ಕ ಒಯ್ತೀವಿ. ತಡಾ ಆಗಿ ಕೋಳಿ ಸತ್ರ ಕಂಪನಿ ಹೊಣಿ" ಎಂದು ಸೂಪರ್‌ವೈಸರ್ ತಮ್ಮಣ್ಣ ದೇವರ ಮುಂದಿನ ಅರಿಶಿನ ಪುಡಿಯ ಭಂಡಾರ ಮುಟ್ಟಿ ಆಣೆ ಮಾಡಿ ಹೇಳಿದ್ದ. ಭಂಡಾರ ಮುಟ್ಟಿದವನ ಹತ್ತಿರ ಕಾಗದ ಕೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ತಮ್ಮಣ್ಣ ಸುಳ್ಳುಗಾರನಲ್ಲ. ಅವನಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು, ಅಷ್ಟೆ. ಹೊಸಬ ಬಂದು, "ಹಂಗಂತ ಎಲ್ಲೆ ಬರದೈತಿ? ತೋರಸ್ರಿ" ಎಂದ. ಕೊನೆಗೆ ಗಾಡಿ ಬಂದು ಉಳಿದವನ್ನು ಒಯ್ದಾಗ, ಸತ್ತ ಕೋಳಿಗಳ ಬೆಲೆಯನ್ನು ಇವರ ಸಾಕಣೆ ಕೂಲಿಯಲ್ಲೇ ಮುರಿದುಕೊಂಡರು.

ಎರಡನೇ ಸಲದ ಮರಿ ಬರುವ ವಾರ ಚಂದ್ರವ್ವ ಹಟ ಹಿಡಿದಳು. "ಈ ಸಲ ಬರಸ್ಕೊಳ್ಳೂಣು."

"ಭಂಡಾರಕ್ಕಿಂತ ನಿನ್ನ ಕಾಗದ ದೊಡ್ಡದೇನ? ನಮ್ಮಪ್ಪ ಸಾವಿರ ಕುರಿ ಮಾರಿದ, ಒಂದ ಸಹಿ ಮಾಡ್ಲಿಲ್ಲ" ಎಂದ ಭರಮಪ್ಪ.

ಮಹಿಳಾ ಸಂಘದ ಪ್ರಮಿಳಾ ಅಲ್ಲೇ ಕೂತಿದ್ದಳು. "ಕಾಕಾ, ಕುರಿ ಕೊಂಡಾವ ಬಾಜೂ ಊರಾಗ ಇರ್ತಿದ್ದ. ತಪ್ಪಿದ್ರ ಅವನ ಮನಿ ಕಟ್ಟಿಮ್ಯಾಲ ಹೋಗಿ ಕುಂದರತಿದ್ರು. ಇಲ್ಲೆ ಆಣಿ ಮಾಡಿದ್ದು ತಮ್ಮಣ್ಣ, ಕಂಪನಿ ಅಲ್ಲ."

"ಹಂಗಾದ್ರ ಕಂಪನಿ ಕಡಿಂದನ ಭಂಡಾರ ಮುಟ್ಟಸೂಣು."

"ಅದಕ್ಕ ಕೈ ಎಲ್ಲೈತ್ರಿ ಕಾಕಾ? ಬರೇ ಕಾಗದಕ್ಕ ಒತ್ತೂ ಶಿಕ್ಕಾ ಐತಿ."

ಭರಮಪ್ಪ ಎದ್ದು ಶೆಡ್ಡಿನ ಕಡೆ ಹೋದ. ಮರುದಿನ ಹೆಂಗಸರಿಬ್ಬರೇ ಬೆಳಗಾವಿ ಬಸ್ಸು ಹತ್ತಿದರು.

"ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?" ಎಂದ ಕಂಪನಿ ಆಫೀಸಿನ ಮ್ಯಾನೇಜರ್.

"ನಂಬಿಕಿ ಐತ್ರಿ. ನೀವು ಇದ ಕುರ್ಚಿಮ್ಯಾಲ ಇರ್ತೀರಿ ಅಂತ ಹ್ಯಾಂಗ ನಂಬಲಿ?" ಎಂದಳು ಚಂದ್ರವ್ವ. "ಬರದ ಕೊಡ್ಲಿಲ್ಲಂದ್ರ ಮರಿ ಇಳಸೂದಿಲ್ಲ. ಶೆಡ್ಡಿನ್ಯಾಗ ದನಕ್ಕ ಹಾಕೂ ಕಣಕಿ ಒಟ್ಟತೀನಿ."

ಅವನು ಒಂದು ಇಂಗ್ಲಿಷ್ ಫಾರಂ ಮುಂದಿಟ್ಟ. ನಡುನಡುವೆ ಖಾಲಿ ಜಾಗ. "ಸಹಿ ಮಾಡ್ರಿ, ಆಮ್ಯಾಲ ತುಂಬತೀವಿ."

"ಮೊದಲ ತುಂಬ್ರಿ. ಕನ್ನಡದಾಗ" ಎಂದಳು ಪ್ರಮಿಳಾ.

ಮಧ್ಯಾಹ್ನದವರೆಗೆ ಇಬ್ಬರೂ ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ಕಾಗದ ಬಂತು, ಸಹಿ ಶಿಕ್ಕಾ ಸಮೇತ.

ಮನೆಯಲ್ಲಿ ಪ್ರಮಿಳಾ ಅದನ್ನು ಓದಿದಳು. ಭರಮಪ್ಪ ಇನ್ನೊಮ್ಮೆ ಓದಿಸಿದ. ತಮ್ಮಣ್ಣ ಆಡಿದ ಮಾತೇ ಅದರಲ್ಲಿತ್ತು. ಭರಮಪ್ಪ ಎದ್ದು ದೇವರ ಜಗಲಿಯಿಂದ ಚಿಟಿಕೆ ಭಂಡಾರ ತಂದು ಕಾಗದದ ಮೂಲೆಗೆ ಹಚ್ಚಿದ.

"ಟ್ರಂಕಿನ್ಯಾಗ ಇಡು. ನಾಳೆ ಮರಿ ಬರ್ಲಿ."

ಕೋಳಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಮರಿ ಇಳಿಸಿಕೊಳ್ಳುವ ಮೊದಲೇ ಬರೆಸಿಕೊಳ್ಳಿ. ಯಾವ ದಿನ ಒಯ್ಯುತ್ತಾರೆ, ತಡವಾದರೆ, ರೋಗ ಬಂದರೆ ನಷ್ಟ ಯಾರದು, ತೂಕ ಯಾರ ಎದುರು ಎಂಬುದೆಲ್ಲ ಅದರಲ್ಲಿರಲಿ. ಖಾಲಿ ಕಾಗದಕ್ಕೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಒಂದು ಪ್ರತಿ ಕೇಳಿ ಪಡೆಯಿರಿ. ಮಾತು ಕೊಟ್ಟವರು ಎಷ್ಟೇ ಒಳ್ಳೆಯವರಾದರೂ ನಾಳೆ ಇಲ್ಲದಿರಬಹುದು. ಕಾಗದ ನಿಮ್ಮ ಮನೆಯಲ್ಲಿರಲಿ.